ರಮಾಳ ಮಗನಿಗೆ ಸಿಕ್ಕ ಟ್ರೇಸಿ

ಬಂದರಿನ ಕಡೆಯಿಂದ ಆ ಸದ್ದು ಬೆಳಗಾಗುವ ಮೊದಲೇ ಶುರುವಾಗುತ್ತಿತ್ತು. ಲಾರಿಯಿಂದ ಎತ್ತಿದ ಪೈನ್ ದಿಮ್ಮಿಗಳನ್ನು ರಾಶಿಯ ಮೇಲೆ ಬಿಡುವಾಗ ಮೊದಲು ಒಂದು ಟೊಳ್ಳು ಬಡಿತ. ಆಮೇಲೆ ಅವು ಒಂದರ ಬೆನ್ನಿಗೊಂದು ಉರುಳಿ ಜಾಗ ಹಿಡಿಯುವ ಗುಡುಗುಡು. ಟೌರಂಗಾದ ಉಳಿದವರಿಗೆ ಅದು ಕಿವಿಗೇ ಬೀಳದಷ್ಟು ರೂಢಿಯಾಗಿತ್ತು. ಪದ್ಮಾವತಿಗೆ ಮಾತ್ರ ದಿನವೂ ಕೇಳಿಸುತ್ತಿತ್ತು. ಏಕೆಂದರೆ ಅದು ಕೇಳಿದ ಕೂಡಲೇ ಪಕ್ಕದಲ್ಲಿ ಮಲಗಿದ್ದ ಮಗಳು ಅಪೇಕ್ಷಾ ಎದ್ದು ಕುಳಿತು ಎರಡೂ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಪದ್ಮಾವತಿ ತನ್ನ ಅಂಗೈಗಳನ್ನು ಆ ಪುಟ್ಟ ಕೈಗಳ ಮೇಲಿಟ್ಟು ಇನ್ನಷ್ಟು ಒತ್ತುತ್ತಿದ್ದಳು. ಸದ್ದು ನಿಲ್ಲುವವರೆಗೆ ಇಬ್ಬರೂ ಹಾಗೇ ಕುಳಿತಿರುತ್ತಿದ್ದರು.

ಪದ್ಮಾವತಿ ಹುಟ್ಟಿದ್ದು ಗದಗಿನಲ್ಲಿ, ನರ್ಸಿಂಗ್ ಓದಿದ್ದು ಹುಬ್ಬಳ್ಳಿಯಲ್ಲಿ. ಗಂಡ ವೀರಭದ್ರಪ್ಪ ಹಣ್ಣಿನ ಬೆಳೆಯ ಕೋರ್ಸು ಓದಲು ಈ ದೇಶಕ್ಕೆ ಬಂದು, ಕಿವಿಹಣ್ಣನ್ನು ಪೆಟ್ಟಿಗೆಗೆ ತುಂಬಿಸಿ ಕಳಿಸುವ ಪ್ಯಾಕ್‌ಹೌಸಿನಲ್ಲಿ ಕೆಲಸಕ್ಕೆ ನಿಂತಿದ್ದ. ಅಲ್ಲಿ ಅವನ ಅಷ್ಟುದ್ದದ ಹೆಸರನ್ನು ಹೇಳುವ ಸಹನೆ ಯಾರಿಗೂ ಇರದೆ ಅವನು ‘ವೀ’ ಆಗಿದ್ದ. ಕಿವಿ ಬಳ್ಳಿಗಳಿಗೆ ರೋಗ ಬಿದ್ದು ತೋಟಗಳೆಲ್ಲ ಬೋಳಾದ ವರ್ಷ ಅವನ ಕೆಲಸ ಹೋಗುತ್ತದೆ ಎಂದೇ ಇಬ್ಬರೂ ಅಂದುಕೊಂಡಿದ್ದರು. ಆ ವರ್ಷ ಮನೆಯನ್ನು ಹಿಡಿದು ನಿಲ್ಲಿಸಿದ್ದು ಆಸ್ಪತ್ರೆಯಲ್ಲಿ, ವಯಸ್ಸಾದವರ ವಾರ್ಡಿನಲ್ಲಿ, ಪದ್ಮಾವತಿಗೆ ಇದ್ದ ಕೆಲಸ.

ಅಪೇಕ್ಷಾಳಿಗೆ ಆಗ ಆರು ವರ್ಷ. ಕೂರಿಸಿದಲ್ಲಿ ಕೂರುವ ಹುಡುಗಿ. ಕೇಳಿದ ಮಾತನ್ನು ಹಾಗೇ ತಿರುಗಿ ಹೇಳುತ್ತಿದ್ದಳು, ಆದರೆ ಕೇಳಿದ್ದಕ್ಕೆ ಉತ್ತರ ಕೊಡುತ್ತಿರಲಿಲ್ಲ. ತರಗತಿಯಲ್ಲಿ ಗದ್ದಲ ಏರಿದರೆ ಮೇಜಿನ ಕೆಳಗೆ ಜಾರಿ ಹೋಗುತ್ತಿದ್ದಳು, ಬಾಗಿಲು ತೆರೆದಿದ್ದರೆ ಹೊರಗೆ. ಅವಳು ಶಾಲೆಯಲ್ಲಿ ದಿನವಿಡೀ ಉಳಿಯಬೇಕಾದರೆ ಪಕ್ಕದಲ್ಲೇ ಕುಳಿತು ನೋಡಿಕೊಳ್ಳುವ ಒಬ್ಬರು ಬೇಕಿತ್ತು. ಅಂಥವರನ್ನು ಇಲ್ಲಿ ಟೀಚರ್ ಏಡ್ ಎನ್ನುತ್ತಾರೆ. ಯಾವ ಮಗುವಿಗೆ ಅವರು ಬೇಕು, ಯಾವ ಮಗುವಿಗೆ ಬೇಡ ಎಂಬುದನ್ನು ರಾಜಧಾನಿ ವೆಲ್ಲಿಂಗ್ಟನ್ನಿನಲ್ಲಿ, ಶಿಕ್ಷಣ ಇಲಾಖೆಯಲ್ಲಿ ಕುಳಿತವರು ತೀರ್ಮಾನಿಸುತ್ತಾರೆ.

ರಮಾಳ ಮಗನಿಗೆ ಆ ನೆರವು ಸಿಕ್ಕಿತ್ತು.

ರಮಾ ಮೈಸೂರಿನವಳು, ಅದೇ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಅವಳ ಮಗ ಅಶ್ವಿನ್ ಅಪೇಕ್ಷಾಳಿಗಿಂತ ಒಂದು ವರ್ಷಕ್ಕೆ ದೊಡ್ಡವನು, ಅದೇ ಶಾಲೆ. ಮಾತಿಲ್ಲ. ಓಡುತ್ತಾನೆ, ಕೂಗುತ್ತಾನೆ, ಕಚ್ಚುತ್ತಾನೆ. ಕನ್ನಡದ ಮನೆಗಳೆಲ್ಲ ಯುಗಾದಿಗೆ ಒಂದು ಬಾಡಿಗೆ ಸಭಾಂಗಣದಲ್ಲಿ ಸೇರಿದಾಗ ರಮಾ ಕುಳಿತು ಉಂಡದ್ದನ್ನು ಯಾರೂ ನೋಡಿರಲಿಲ್ಲ. ಮಗನ ಹಿಂದೆ ಕುರ್ಚಿಗಳ ಸಾಲಿನಲ್ಲಿ ಓಡುತ್ತಲೇ ಇರುತ್ತಿದ್ದಳು. ಆಗ ಪದ್ಮಾವತಿ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ಹೋಳಿಗೆ ಮುರಿದು ತಿನ್ನಿಸುತ್ತ, ಕೇಳಿದವರಿಗೆಲ್ಲ, “ನಮ್ಮಕಿ ಕುಂತಲ್ಲೇ ಕುಂದರ್ತಾಳ ನೋಡ್ರಿ, ಒಟ್ಟ ತ್ರಾಸಿಲ್ಲ” ಎನ್ನುತ್ತಿದ್ದಳು. ಆ ಮಾತಿನಲ್ಲಿ ಅವಳಿಗೊಂದು ಸಣ್ಣ ಸುಖವಿತ್ತು. ಯಾಲಕ್ಕಿ ಕಾಳಿನಂತೆ ಅದನ್ನು ಬಾಯಲ್ಲಿ ಬಹಳ ಹೊತ್ತು ಇಟ್ಟುಕೊಳ್ಳುತ್ತಿದ್ದಳು.

ಅಶ್ವಿನ್‌ಗೆ ಟೀಚರ್ ಏಡ್ ಆಗಿ ಟ್ರೇಸಿ ಬಂದ ಮೇಲೆ ಆ ಸುಖ ಕರಗಿತು. ಟ್ರೇಸಿ ಅಗಲ ಭುಜದ ಹೆಂಗಸು. ಹಿಂದೆ ಹಾಲಿನ ಟ್ಯಾಂಕರ್ ಓಡಿಸುತ್ತಿದ್ದಳಂತೆ. ಮಳೆಗಾಲದಲ್ಲಿ ಗಂಬೂಟು ಹಾಕಿಕೊಂಡು, ಮಾತಿಲ್ಲದ ಹುಡುಗನಿಗೆ ತೋರಿಸಲು ಕೊರಳಲ್ಲಿ ಚಿತ್ರದ ಕಾರ್ಡುಗಳ ಗೊಂಚಲು ತೂಗಿಸಿಕೊಂಡು, ಬೆಳಿಗ್ಗೆ ಗೇಟಿನಲ್ಲಿ ನಿಂತು ಅಶ್ವಿನ್‌ಗಾಗಿ ಕಾಯುತ್ತಿದ್ದಳು. ಅವನು ಕಾರಿನಿಂದ ಇಳಿದು ನೇರ ಅವಳ ಹೊಟ್ಟೆಗೆ ಹೋಗಿ ಡಿಕ್ಕಿ ಹೊಡೆಯುತ್ತಿದ್ದ. ಅವಳು, “ಗುಡ್ ಆನ್ ಯೂ, ಮೇಟ್” ಎಂದು ಶಹಬ್ಬಾಸ್ ಕೊಟ್ಟು ನಗುತ್ತಿದ್ದಳು. ರಮಾ ಕಾರಿನಿಂದ ಇಳಿಯುತ್ತಲೂ ಇರಲಿಲ್ಲ. ಕೈ ಬೀಸಿ ಹೊರಟುಬಿಡುತ್ತಿದ್ದಳು. ಅಷ್ಟೇ ಹೊತ್ತಿಗೆ ಪದ್ಮಾವತಿ ಮಗಳ ಬೆರಳುಗಳನ್ನು ತನ್ನ ಬಟ್ಟೆಯಿಂದ ಒಂದೊಂದಾಗಿ ಬಿಡಿಸುತ್ತ, ವಾರ್ಡಿಗೆ ತಡವಾಯಿತೆಂದು ಒಳಗೊಳಗೇ ಕುದಿಯುತ್ತ ನಿಂತಿರುತ್ತಿದ್ದಳು. ರಮಾಳ ಕೂದಲಿಗೆ ಹೊಸ ಕಟ್ ಬಂದಿತ್ತು. ರಮಾ ಕಡಲಂಚಿನ ಗುಡ್ಡದ ಸುತ್ತ ನಡೆಯಲು ಹೋಗುತ್ತಾಳಂತೆ. ಯಾರೋ ಹೇಳಿದ ಇಂಥ ಮಾತೊಂದೊಂದನ್ನೂ ಪದ್ಮಾವತಿ ಮನೆಗೆ ಹೊತ್ತು ತರುತ್ತಿದ್ದಳು.

“ಅಕಿಗೆ ಸಿಕ್ಕೈತಿ ಅಂದ್ರ ನಮಗೂ ಸಿಗ್ತೈತಿ ತಗೋ,” ಎಂದ ವೀರಭದ್ರಪ್ಪ.

ಶಾಲೆಯ ಮೂಲಕ ಅರ್ಜಿ ಹಾಕಿದರು. ಅಪೇಕ್ಷಾಳನ್ನು ನೋಡಲು ಮೆರಿಯಾನಾ ಎಂಬವಳು ಮನೆಗೆ ಬರುವಳೆಂದು ಶಾಲೆಯವರು ತಿಳಿಸಿದರು. ಇಂಥ ಮಕ್ಕಳ ಕಲಿಕೆಯಲ್ಲಿ ಪಳಗಿದ, ಈ ನೆಲದ ಮೂಲನಿವಾಸಿ ಮಾವೋರಿ ಹೆಂಗಸು. ಅಶ್ವಿನ್‌ನನ್ನು ನೋಡಿ ಬರೆದವಳೂ ಅವಳೇ. ಅವಳು ಬರೆದು ಕಳಿಸುವುದರ ಮೇಲೆ ಎಲ್ಲವೂ ನಿಂತಿತ್ತು. ಸುದ್ದಿ ತಿಳಿದ ದಿನದಿಂದಲೇ ಪದ್ಮಾವತಿ ತಯಾರಿ ಮಾಡಿದಳು. ಮನೆಗೆ ದೊಡ್ಡವರು ಬಂದರೆ ಮಕ್ಕಳನ್ನು ಹೇಗೆ ನಿಲ್ಲಿಸಬೇಕು ಎಂಬುದು ಅವಳಿಗೆ ಯಾರೂ ಕಲಿಸದೆ ಗೊತ್ತಿತ್ತು. ಅವಳ ಅಕ್ಕಂದಿರನ್ನು ನೋಡಲು ಗಂಡಿನ ಕಡೆಯವರು ಬಂದಾಗ ನಡೆದದ್ದೂ ಇದೇ. ಮಗಳ ತಲೆಗೆ ಎಣ್ಣೆ ಹಚ್ಚಿ ಎರಡು ಜಡೆ ಹಾಕಿದಳು. ರೇಷ್ಮೆ ಫ್ರಾಕು ತೆಗೆದಳು. ಹೆಸರು, ವಯಸ್ಸು, ಇಷ್ಟದ ಬಣ್ಣ, ಮೂರನ್ನೂ ಊಟಕ್ಕೊಮ್ಮೆ ನಿದ್ದೆಗೊಮ್ಮೆ ಹೇಳಿಸಿ ಗಟ್ಟಿ ಮಾಡಿಸಿದಳು. ಬಂದವಳಿಗೆ ಅಪೇಕ್ಷಾ ಕೈಮುಗಿದು ಮೂರನ್ನೂ ತಪ್ಪಿಲ್ಲದೆ ಒಪ್ಪಿಸಿದಾಗ ಪದ್ಮಾವತಿಯ ಎದೆ ಹಗುರಾಯಿತು.

ಮೆರಿಯಾನಾ ನಿಧಾನವಾಗಿ ಕೇಳುತ್ತ ಹೋದಳು.

“ತಾನಾಗಿ ಊಟ ಮಾಡುತ್ತಾಳಾ?”

“ಹೌದು,” ಎಂದಳು ಪದ್ಮಾವತಿ. ಅದು ಸುಳ್ಳೆಂದು ಅವಳಿಗೆ ಅನ್ನಿಸಲಿಲ್ಲ. ಕಲಸಿ ಬಾಯಿಗಿಟ್ಟರೆ ಅಪೇಕ್ಷಾ ಒಂದು ಅಗುಳೂ ಬಿಡದೆ ಉಣ್ಣುತ್ತಿದ್ದಳು. ಮಗುವಿಗೆ ತಾಯಿ ತಿನ್ನಿಸುವುದನ್ನು ಸಹಾಯ ಎಂದು ಗದಗಿನಲ್ಲಿ ಯಾರೂ ಕರೆದದ್ದಿಲ್ಲ.

“ಬಟ್ಟೆ ಹಾಕಿಕೊಳ್ಳುತ್ತಾಳಾ?”

“ಹೌದು, ತಕರಾರೇ ಇಲ್ಲ.”

“ಹೆಸರು ಕರೆದರೆ ತಿರುಗುತ್ತಾಳಾ?”

ಮೆರಿಯಾನಾ ಕರೆದಳು. ಪದ್ಮಾವತಿಯ ಕೈ ಮಗಳ ಬೆನ್ನಿನ ಮೇಲಿತ್ತು. ಬೆರಳು ಸ್ವಲ್ಪ ಒತ್ತಿತು. ಅಪೇಕ್ಷಾ ತಿರುಗಿದಳು.

“ಗೆಳತಿಯರು ಇದ್ದಾರಾ?”

“ಎಲ್ಲರಿಗೂ ಇವಳೆಂದರೆ ಇಷ್ಟ.”

ಆಮೇಲೆ ಉಪ್ಪಿಟ್ಟು, ಚಕ್ಕುಲಿ, ಕೇಸರಿಬಾತು. ಬೇಡ ಎಂದರೂ ಎರಡನೇ ಸಲ ಬಡಿಸಿದಳು. ಮೆರಿಯಾನಾ ಹೋಗುವಾಗ, ನಿಮ್ಮ ಮಗಳನ್ನು ತುಂಬಾ ಚೆನ್ನಾಗಿ ಬೆಳೆಸಿದ್ದೀರಿ ಎಂದಳು. ಕಾರು ತಿರುವು ದಾಟಿದ ಕೂಡಲೇ ಅಪೇಕ್ಷಾ ಸೋಫಾದ ಹಿಂದಿನ ಸಂದಿಗೆ ಹೋಗಿ ಸೇರಿಕೊಂಡು, ಜಡೆಯ ರಿಬ್ಬನ್ನುಗಳನ್ನು ಕಿತ್ತು ಬಾಯಲ್ಲಿಟ್ಟುಕೊಂಡು, ಸಂಜೆಯವರೆಗೆ ಹೊರಗೆ ಬರಲಿಲ್ಲ. ಪದ್ಮಾವತಿ ಅದನ್ನು ಯಾರಿಗೂ ಹೇಳಲಿಲ್ಲ.

ವೆಲ್ಲಿಂಗ್ಟನ್ನಿನಿಂದ ಇಲ್ಲ ಎಂದು ಉತ್ತರ ಬಂತು. ಮಗುವಿನ ಅಗತ್ಯ ಅಷ್ಟು ತೀವ್ರವಾಗಿಲ್ಲವಂತೆ.

“ನಮ್ಮ ಮಗಳು ಫಸ್ಟ್ ಕ್ಲಾಸಿನಾಗ ಪಾಸಾಗ್ಯಾಳ,” ವೀರಭದ್ರಪ್ಪ ಹೇಳಿದ. “ಅದಕ್ಕ ಫೇಲಾತು.”

“ನಗ್ಲಿಕ್ಕೆ ನಿಮಗ ಮನಸರೆ ಹೆಂಗ ಬರ್ತೈತ್ರಿ?”

“ನಕ್ಕಿಲ್ಲ ನಾ,” ಎಂದ ಅವನು. ನಿಜವಾಗಿ ನಕ್ಕಿರಲಿಲ್ಲ.

ಆ ವಾರ ವಾರ್ಡಿನಲ್ಲಿ, ತನ್ನ ಮನೆಯ ಅಡಿಗೆಕೋಣೆಯಲ್ಲಿ ಜಾರಿ ಬಿದ್ದು ಬಂದ ಒಬ್ಬ ಮುದುಕನಿದ್ದ, ಹಣ್ಣಿನ ತೋಟದವನು. ಮನೆಗೆ ಹೋದ ಮೇಲೆ ಅವನಿಗೆ ಸಹಾಯಕ್ಕೆ ಯಾರಾದರೂ ಬೇಕೇ ಎಂದು ವಿಚಾರಿಸಲು ಬಂದವಳಿಗೆ ಆತ ಎಲ್ಲದಕ್ಕೂ, “ಆಲ್ ಗುಡ್” ಎಂದ. ಸ್ನಾನ? ಆಲ್ ಗುಡ್. ಮೆಟ್ಟಿಲು? ಆಲ್ ಗುಡ್. ಹಿಂದೆ ನಿಂತಿದ್ದ ಅವನ ಮಗಳು ತಲೆ ತಗ್ಗಿಸಿದ್ದಳು. ಪದ್ಮಾವತಿ ಅವಳನ್ನು ಹೊರಗೆ ಕರೆದು, “ನಿಮ್ಮ ಅಪ್ಪ ತನ್ನ ಒಳ್ಳೆಯ ದಿನದ ಬಗ್ಗೆ ಹೇಳುತ್ತಿದ್ದಾರೆ. ಕೆಟ್ಟ ದಿನದ ಬಗ್ಗೆ ನೀವು ಹೇಳಬೇಕು, ಇಲ್ಲದಿದ್ದರೆ ಏನೂ ಸಿಗುವುದಿಲ್ಲ” ಎಂದಳು. ಎಷ್ಟೋ ಮನೆಯವರಿಗೆ ಹೇಳಿದ ಮಾತು ಅದು. ಹೇಳಿ ತಿರುಗಿದವಳು ಔಷಧಿಯ ಗಾಡಿಯ ಹಿಡಿಕೆ ಹಿಡಿದು ಅಲ್ಲೇ ನಿಂತುಬಿಟ್ಟಳು.

ವಾರ್ಡಿಗೆ ರಜೆಯಿದ್ದ ದಿನ, ಶಾಲೆ ಬಿಟ್ಟ ಮೇಲೆ, ಒಂದು ಡಬ್ಬಿ ಶೇಂಗಾ ಚಟ್ನಿಪುಡಿ ತೆಗೆದುಕೊಂಡು, ಮಗಳನ್ನೂ ಕರೆದುಕೊಂಡು ರಮಾಳ ಮನೆಗೆ ಹೋದಳು. ಮೆರಿಯಾನಾಳಿಗೆ ಏನು ಹೇಳಿದೆ, ಹೇಗೆ ಹೇಳಿದೆ ಎಂದು ಕೇಳಿ ತಿಳಿದುಕೊಳ್ಳಬೇಕೆಂದೇ ಹೊರಟಿದ್ದಳು. ಬಾಗಿಲು ತೆರೆದ ರಮಾಳ ಕೂದಲು ಒದ್ದೆಯಿತ್ತು.

“ಬಾರೇ ಪದ್ಮಾ. ನಿನ್ನ ಪುಡಿ ಇಲ್ದೆ ನಮ್ಮನೇಲಿ ಇಡ್ಲಿ ಮುಷ್ಕರ ಹೂಡಿದೆ. ಅಪೇಕ್ಷಾ, ಹಾಯ್ ಪುಟ್ಟಾ!”

“ಹಾಯ್ ಪುಟ್ಟಾ,” ಎಂದಳು ಅಪೇಕ್ಷಾ ಗೋಡೆಗೆ.

“ಕೂದ್ಲ ತೋಯ್ದಾವಲ್ಲ?” ಪದ್ಮಾವತಿ ಕೇಳಿದಳು.

“ಇವನು ಶಾಲೇಲಿದ್ದಾಗ ಬಿಸಿನೀರಿನ ಕೊಳಕ್ಕೆ ಹೋಗಿದ್ದೆ ಕಣೇ. ಈಗ ಬಂದು ಒಳಗೆ ಮಲಗಿದಾನೆ. ಒಬ್ಬಳೇ ನೀರಲ್ಲಿ ಕೂತು ಎಷ್ಟು ವರ್ಷ ಆಗಿತ್ತು ಗೊತ್ತಾ?”

“ನಿನಗೇನವಾ. ರಾಣಿ. ಟ್ರೇಸಿ ಅದಾಳ.”

ರಮಾ ನಕ್ಕಳು. ಕಾಫಿ ಸುರಿಯುವಾಗ ಅವಳ ಅಂಗಿಯ ತೋಳು ಮೇಲಕ್ಕೆ ಸರಿಯಿತು. ಮುಂಗೈ ಮೇಲೆ ಹಲ್ಲಿನ ಗುರುತು, ಎರಡು ಅರ್ಧಚಂದ್ರ, ಸುತ್ತ ಹಳದಿಗಟ್ಟಿದ ನೀಲಿ. ಪದ್ಮಾವತಿ ಅದರಿಂದ ಕಣ್ಣು ಕೀಳಲಾರದೆ ಹೋದಳು.

“ಮೆರಿಯಾನಾ ಬಂದಾಗ ನೀ ಏನ್ ಹೇಳಿದ್ದಿ?”

“ಇದ್ದಿದ್ದು ಹೇಳ್ದೆ. ಅವತ್ತು ಮನೇನೂ ಗುಡಿಸಿರ್ಲಿಲ್ಲ. ಗೋಡೆಗೆ ಇವನು ಬಳಿದಿದ್ದನ್ನ ಒರೆಸಿರ್ಲಿಲ್ಲ. ಅವಳ ಎದುರಿಗೇ ಕಚ್ಚಿದ. ಕಚ್ಚಲಿ ಅಂತ ಬಿಟ್ಟೆ.”

“ಅಕಿನ್ನ?”

“ನನ್ನನ್ನೇ ಕಣೇ! ಅವಳನ್ನ ಕಚ್ಚಿದ್ರೆ ಇಬ್ಬರು ಟ್ರೇಸೀನ ಕೊಡ್ತಿದ್ರೇನೋ.”

ಪದ್ಮಾವತಿ ನಗಲಿಲ್ಲ. ಒಳಗೆ ಇಷ್ಟು ದಿನ ಕೂಡಿಟ್ಟದ್ದು, ಕೂದಲಿನ ಹೊಸ ಕಟ್, ಕೊಳದ ಒದ್ದೆ, ಬೀಸಿದ ಕೈ, ಎಲ್ಲ ಒಟ್ಟಿಗೆ ನಾಲಿಗೆಗೆ ಬಂತು.

“ಅಂದ್ರ ಮಗನ್ನ ಮಂದಿ ಮುಂದ ಬತ್ತಲೆ ನಿಂದ್ರಿಸಿ ತೊಗೊಂಡಿ.”

ರಮಾ ಕಾಫಿ ಲೋಟವನ್ನು ಮೇಜಿನ ಮೇಲಿಟ್ಟಳು.

“ಹೌದು. ನಿಲ್ಲಿಸ್ದೆ. ನೀನು ರೇಷ್ಮೆ ಹಾಕಿ ನಿಲ್ಲಿಸ್ದೆಯಲ್ಲ, ಏನು ಸಿಕ್ತು?”

ಪದ್ಮಾವತಿ ಮಗಳನ್ನು ತನ್ನ ಹತ್ತಿರಕ್ಕೆ ಎಳೆದುಕೊಂಡಳು.

“ಯುಗಾದಿ ದಿನ ‘ನಮ್ಮಕಿ ಕುಂತಲ್ಲೇ ಕುಂದರ್ತಾಳ’ ಅಂತ ಊರಿಗೆಲ್ಲ ಹೇಳ್ತಿದ್ಯಲ್ಲ, ನಂಗೆ ಕೇಳಿಸ್ತಿರ್ಲಿಲ್ಲ ಅಂದ್ಕೊಂಡಿದ್ಯಾ? ನಿನ್ನ ಮಗಳು ಅರ್ಥ ಗೊತ್ತಿದ್ದೋ ಇಲ್ಲದೆಯೋ ‘ಅವ್ವಾ’ ಅಂತಾಳೆ. ಅದನ್ನ ಕೇಳಿ ನಾನು ಎಷ್ಟು ಉರ್ಕೊಂಡಿದೀನಿ ಅಂತ ನಿನಗೆ ಗೊತ್ತಿಲ್ಲ. ಟ್ರೇಸೀನ ಬೇಕಾದ್ರೆ ಕರ್ಕೊಂಡು ಹೋಗು. ಆ ‘ಅವ್ವಾ’ ಅನ್ನೋ ಒಂದು ಮಾತು ಇಲ್ಲಿಟ್ಟು ಹೋಗ್ತೀಯಾ?”

ಪದ್ಮಾವತಿ ಮಗಳ ಕೈ ಹಿಡಿದು ಎದ್ದಳು. ಡಬ್ಬಿ ಅಲ್ಲೇ ಉಳಿಯಿತು. ಕಾರಿನಲ್ಲಿ ಅವಳಿಗೆ ನಾಚಿಕೆಯಾಗಬೇಕಿತ್ತು. ಆದದ್ದು ಬೇರೆ. ಕಣ್ಣ ಮುಂದೆ ಆ ಹಲ್ಲಿನ ಗುರುತೇ ಇತ್ತು. ಯಾರು ಬಂದರೂ ತೋಳು ಸರಿಸಿ ತೋರಿಸಬಹುದಾದ ಗುರುತು. ತನ್ನ ಮೈಮೇಲೆ ಮಗಳು ಏನನ್ನೂ ಬರೆದಿಲ್ಲ. ಮನೆಗೆ ಬಂದು ಅನ್ನ ಕಲಸಿ ತಿನ್ನಿಸುವಾಗ ಪದ್ಮಾವತಿಯ ಬೆರಳು ಮಗಳ ಹಲ್ಲಿಗೆ ತಾಗಿತು. ಅವಳು ಬೆರಳನ್ನು ತೆಗೆಯಲಿಲ್ಲ. ಕಚ್ಚಲಿ ಎಂದು ಕಾದಳು. ಅಪೇಕ್ಷಾ ಬಾಯಿ ತೆರೆದುಕೊಂಡು, ಮುಂದಿನ ತುತ್ತಿಗಾಗಿ, ಸುಮ್ಮನೆ ಅವಳ ಹಾಗೆಯೇ ಕಾದಳು.

ಮತ್ತೆ ಕೆಲವು ದಿನಗಳಲ್ಲಿ ವಾರ್ಡಿಗೆ ಶಾಲೆಯಿಂದ ಫೋನು ಬಂತು. ಮಗು ಕ್ಷೇಮ, ಆದರೆ ಕೂಡಲೇ ಬನ್ನಿ ಎಂದರು.

ಆಟದ ಬಿಡುವಿನಲ್ಲಿ ಅಪೇಕ್ಷಾ ಗೇಟು ದಾಟಿ ಹೋಗಿದ್ದಳು. ಯಾರೂ ನೋಡಿರಲಿಲ್ಲ. ಮೈದಾನದಲ್ಲಿ ಅಶ್ವಿನ್‌ನನ್ನು ಓಡಾಡಿಸುತ್ತಿದ್ದ ಟ್ರೇಸಿಗೆ, ಎಂದೂ ನಿಲ್ಲದ ಹುಡುಗ ಬೇಲಿಯ ಹತ್ತಿರ ನಿಂತದ್ದು ವಿಚಿತ್ರ ಅನ್ನಿಸಿ, ಅವನು ನೋಡುವ ಕಡೆ ನೋಡಿದಳಂತೆ. ರಸ್ತೆಯ ನಡುವಿನ ಬಿಳಿ ಗೆರೆಯ ಮೇಲೆ ಅಪೇಕ್ಷಾ ಒಂದು ಕಾಲಿನ ಮುಂದೆ ಇನ್ನೊಂದು ಕಾಲಿಡುತ್ತ ನಡೆಯುತ್ತಿದ್ದಳು. ಅವಳ ಹಿಂದೆ ಒಂದು ಲಾರಿ ಬ್ರೇಕು ಹಾಕಿ ನಿಂತಿತ್ತು. ಟ್ರೇಸಿ ಅಶ್ವಿನ್‌ನನ್ನು ಕಂಕುಳಲ್ಲಿ ಎತ್ತಿಕೊಂಡೇ ಓಡಿದಳು.

ಪದ್ಮಾವತಿ ಬಂದಾಗ ಅಪೇಕ್ಷಾ ಟ್ರೇಸಿಯ ತೊಡೆಯ ಮೇಲೆ, ಅವಳ ಭುಜದಲ್ಲಿ ಮುಖ ಹುದುಗಿಸಿ ಕುಳಿತಿದ್ದಳು. ಟ್ರೇಸಿಯ ದೊಡ್ಡ ಕೈಗಳು ಅವಳ ಕಿವಿಗಳನ್ನು ಮುಚ್ಚಿದ್ದವು. ಮಗಳು ಉಳಿದಳು ಎಂಬ ಸಮಾಧಾನ ಬರುವ ಮೊದಲೇ ಪದ್ಮಾವತಿಗೆ ಅನ್ನಿಸಿದ್ದು, ಇವಳು ನಮಗೆ ಸಿಗಬೇಕಿತ್ತು ಎಂದು. ಆ ಕ್ರಮದಲ್ಲೇ ಅನ್ನಿಸಿತು. ಆಮೇಲೆ ಅವಳು ಅತ್ತಳು. ಎಲ್ಲರೂ ಅದನ್ನು ಸಮಾಧಾನದ ಅಳುವೆಂದೇ ತಿಳಿದರು.

ಮುಖ್ಯೋಪಾಧ್ಯಾಯರು ಮೆತ್ತಗೆ ಮಾತಾಡಿದರು. ಜೊತೆಗೆ ಒಬ್ಬರು ಸಿಗುವವರೆಗೆ ಅಪೇಕ್ಷಾಳನ್ನು ಮಧ್ಯಾಹ್ನದ ಊಟದ ಹೊತ್ತಿಗೆ ಮನೆಗೆ ಕರೆದುಕೊಂಡು ಹೋಗಬೇಕು. ಮತ್ತೊಮ್ಮೆ ಕೇಳಿಕೊಳ್ಳಲು ಅವಕಾಶವಿದೆ. ಈ ಸಲ ಮೆರಿಯಾನಾ ಶಾಲೆಗೇ ಬಂದು ನೋಡುತ್ತಾಳೆ. ಈ ಸಲವೂ ಇಲ್ಲವೆಂದರೆ ಅವಳನ್ನು ದಿನವಿಡೀ ಶಾಲೆಯಲ್ಲಿ ಇಟ್ಟುಕೊಳ್ಳಲು ತಮಗೆ ಬೇರೆ ದಾರಿ ಕಾಣುತ್ತಿಲ್ಲ ಎಂದರು.

ಪ್ಯಾಕ್‌ಹೌಸಿನಲ್ಲಿ ಹಣ್ಣಿನ ಕಾಲ, ವೀರಭದ್ರಪ್ಪ ಕೆಲಸ ಬಿಟ್ಟು ಬರುವಂತಿರಲಿಲ್ಲ. ಪದ್ಮಾವತಿ ವಾರ್ಡಿನಲ್ಲಿ ಇದ್ದಬದ್ದ ರಜೆ ಹಾಕಿದಳು. ರಜೆ ಮುಗಿದರೆ ಕೆಲಸ ಬಿಡುವುದೊಂದೇ ಉಳಿದಿತ್ತು.

ಗುರುವಾರಕ್ಕೆ ದಿನ ಗೊತ್ತಾಯಿತು. ಹಿಂದಿನ ಸಂಜೆ ರಮಾ ಫೋನು ಮಾಡಿದಳು.

“ನಾಳೆ ನಾನೂ ಬರ್ತೀನಿ.”

“ಬ್ಯಾಡ, ರಮಾ.”

“ನಿನ್ನ ಕೇಳ್ತಿಲ್ಲ. ಜೊತೆಗೆ ಒಬ್ಬರನ್ನ ಕರ್ಕೊಂಡು ಬರಬಹುದು ಅಂತ ಇದೆ.”

“ನನ್ನ ಮ್ಯಾಲೆ ಸಿಟ್ಟಿಲ್ಲೇನು?”

“ಇದೆ. ತುಂಬಾ ಇದೆ. ಆದ್ರೆ ನೀನು ಬಾಯಿ ಬಿಟ್ಟು ಹೌದು ಹೌದು ಅನ್ನೋಕೆ ಶುರು ಮಾಡಿದ್ರೆ ಕಾಲು ತುಳಿಯೋಕೆ ಒಬ್ಬರು ಬೇಕಲ್ಲ.”

ಗುರುವಾರ ಪದ್ಮಾವತಿ ಮಗಳಿಗೆ ಜಡೆ ಹಾಕಲಿಲ್ಲ. ಮೊಣಕೈ ಹರಿದ ಸ್ವೆಟರು ಹಾಕಿದಳು. ಎಣ್ಣೆಯಿಲ್ಲದ ಆ ತಲೆಯನ್ನು ಬೀದಿಯಲ್ಲಿ ನಡೆಸಿಕೊಂಡು ಬರುವಾಗ ತಾನೇ ಬರಿಮೈಯಲ್ಲಿ ಬಂದ ಹಾಗಾಯಿತು.

ಶಾಲೆಯ ಲೈಬ್ರರಿಯ ಪಕ್ಕದ ಸಣ್ಣ ಕೋಣೆ. ಮೆರಿಯಾನಾ ಒಳಗೆ ಬಂದು ರಮಾಳ ಕೆನ್ನೆಗೆ ಕೆನ್ನೆ ತಾಗಿಸಿ, ಅಶ್ವಿನ್ ಹೇಗಿದ್ದಾನೆ ಎಂದು ಕೇಳಿದಳು. ರಮಾ ಏನೋ ಹೇಳಿದಳು, ಇಬ್ಬರೂ ನಕ್ಕರು. ಪದ್ಮಾವತಿಗೆ ಕೈಕುಲುಕು ಸಿಕ್ಕಿತು. ಇಲ್ಲಿಯೂ ರಮಾ ಮನೆಯವಳು, ತಾನು ಬಂದವಳು. ಅವಳು ಮಗಳನ್ನು ಪಕ್ಕದ ಪುಟ್ಟ ಕುರ್ಚಿಯಲ್ಲಿ ಕೂರಿಸಿದಳು. ಅಪೇಕ್ಷಾ ಅವಳ ಕಾರ್ಡಿಗನ್ನಿನ ಅಂಚನ್ನು ಎರಡೂ ಕೈಗಳಿಂದ ಹಿಡಿದುಕೊಂಡಳು.

“ತಾನಾಗಿ ಊಟ ಮಾಡುತ್ತಾಳಾ?”

“ಹೌ...”

ಮೇಜಿನ ಕೆಳಗೆ ರಮಾಳ ಶೂ ಅವಳ ಪಾದದ ಮೇಲೆ ಬಂತು.

“ಇಲ್ಲ,” ಎಂದಳು ಪದ್ಮಾವತಿ. “ನಾನು ತಿನ್ನಿಸುತ್ತೇನೆ. ದಿನವೂ. ಶಾಲೆಯ ಡಬ್ಬಿ ಹಾಗೇ ವಾಪಸ್ಸು ಬರುತ್ತದೆ.”

ಬಟ್ಟೆ? ಇಲ್ಲ. ಕೈ ಮೇಲೆತ್ತುತ್ತಾಳೆ, ಅಷ್ಟೇ. ಶೌಚ? ಇಲ್ಲ. ಗೆಳತಿಯರು? ಇಲ್ಲ. ಒಬ್ಬರೂ ಇಲ್ಲ. ಹುಟ್ಟುಹಬ್ಬಕ್ಕೆ ಒಂದು ಸಲವೂ ಯಾರೂ ಕರೆದಿಲ್ಲ. ಪ್ರತಿ ಇಲ್ಲಕ್ಕೂ ಅವಳ ಧ್ವನಿ ಇಳಿಯುತ್ತ ಹೋಯಿತು. ಕೇಳಿಸುತ್ತಿದೆಯೋ ಏನೋ ಎಂದು ಮಗಳ ಕಡೆ ನೋಡಲು ಹೆದರಿ ರಮಾಳ ಕಡೆ ನೋಡಿದಳು. ಈ ಇಲ್ಲಗಳನ್ನೆಲ್ಲ ಎಂದೋ ಹೇಳಿ ಮುಗಿಸಿ, ದಡ ಸೇರಿ, ಕಾಲು ಚಾಚಿ ಕುಳಿತವಳು. ಈ ಗಳಿಗೆಯಲ್ಲೂ ಅವಳನ್ನು ಕಂಡು ಹೊಟ್ಟೆ ಉರಿಯಿತು.

ಮೆರಿಯಾನಾ ಬರೆದುಕೊಂಡಳು. ಆಮೇಲೆ ಪೆನ್ನು ಕೆಳಗಿಟ್ಟು ಅಪೇಕ್ಷಾಳನ್ನು ನೋಡಿದಳು.

“ನನಗೊಂದು ಕಷ್ಟವಿದೆ,” ಎಂದಳು ಪ್ರಾಮಾಣಿಕವಾಗಿ. “ಅಂದು ಮನೆಯಲ್ಲೂ ನೋಡಿದೆ, ಇಂದೂ ನೋಡುತ್ತಿದ್ದೇನೆ. ಇಷ್ಟು ಹೊತ್ತು ಎಷ್ಟು ಸಮಾಧಾನದಿಂದ ಕುಳಿತಿದ್ದಾಳೆ. ನಾನು ಕಂಡದ್ದನ್ನೇ ಬರೆಯಬೇಕಾಗುತ್ತದೆ.”

“ಇವತ್ತು ತುಂಬಾ ಒಳ್ಳೆಯ ದಿನ ಇವಳದು,” ಎಂದರು ಮುಖ್ಯೋಪಾಧ್ಯಾಯರು, ನೆರವಾಗುವೆನೆಂದುಕೊಂಡು.

ಎಲ್ಲರೂ ಆ ಶಾಂತ ಮುಖವನ್ನು ನೋಡಿದರು. ಪದ್ಮಾವತಿ ಕೆಳಗೆ ನೋಡಿದಳು. ಕಾರ್ಡಿಗನ್ನಿನ ಅಂಚು ಆ ಬೆರಳುಗಳಲ್ಲಿ ಹಗ್ಗದಂತೆ ಹೊಸೆದುಹೋಗಿತ್ತು. ಸಮಾಧಾನವೆಲ್ಲ ಅಲ್ಲಿಂದ ಬರುತ್ತಿತ್ತು, ತನ್ನ ಬಟ್ಟೆಯಿಂದ, ತನ್ನ ಮೈಯ ಬಿಸಿಯಿಂದ. ತಾನು ಪಕ್ಕದಲ್ಲಿ ಕುಳಿತು ಇಲ್ಲ ಇಲ್ಲವೆಂದು ಎಷ್ಟು ಹೇಳಿದರೂ ತನ್ನ ಮೈ ಹೌದು ಹೌದು ಎನ್ನುತ್ತಲೇ ಇತ್ತು. ಅವಳು ರಮಾಳತ್ತ ತಿರುಗಿದಳು. ರಮಾ ನಗುತ್ತಿರಲಿಲ್ಲ, ಕಾಲನ್ನೂ ಅಲುಗಿಸಲಿಲ್ಲ. ಮುಖ ಬಿಳಿಚಿಕೊಂಡು ಅವಳನ್ನೇ ನೋಡುತ್ತಿದ್ದಳು.

ಪದ್ಮಾವತಿ ಮಗಳ ಬೆರಳುಗಳನ್ನು ಬಿಡಿಸತೊಡಗಿದಳು. ಕಿರುಬೆರಳು ಮೊದಲು, ಹೆಬ್ಬೆರಳು ಕೊನೆಗೆ. ಅಪೇಕ್ಷಾಳ ಉಸಿರು ಬದಲಾಯಿತು.

“ನಾನು ಇಲ್ಲಿರುವುದರಿಂದ ನಿಮಗೆ ಅವಳು ಕಾಣುತ್ತಿಲ್ಲ,” ಎಂದಳು ಮೆರಿಯಾನಾಳಿಗೆ, ಕುರ್ಚಿ ಹಿಂದಕ್ಕೆ ಸರಿಸಿ ಏಳುತ್ತ. “ಈಗ ನಾನು ಈ ಬಾಗಿಲು ದಾಟಿ ಹೋದರೆ, ಇವಳು” ಎಂದವಳು ಮಾತನ್ನು ಅಲ್ಲಿಗೇ ಬಿಟ್ಟು, ತಿರುಗಿ ನೋಡದೆ, ಬಾಗಿಲು ತೆರೆದು ಹೊರಗೆ ನಡೆದಳು.